ಒಪಿಹಿ ಎಂಬ ಹೆಸರು

ಕಿಪಾಹುಲು, ಮಾವಿ ದ್ವೀಪ
14 ಅಕ್ಟೋಬರ್ 2012

ಮುದ್ದಿನ ವೈಲಾನಾ,

ನೀನೂ ನಿನ್ನ ಗಂಡನೂ ಪುಟ್ಟಿಯೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಕೈನೋವು ಇತ್ತು, ಛಾವಣಿ ರಿಪೇರಿ ನಡೆದಿತ್ತು ಎಂದೆಲ್ಲ ನೆಪ ಹೇಳಬಹುದು. ನಿಜವೆಂದರೆ ಎಷ್ಟೋ ಸಲ ಕಾಗದ ಮುಂದಿಟ್ಟುಕೊಂಡು ಕೂತೆ, ಪ್ರತಿ ಸಲವೂ ಎದ್ದು ಹೋಗಿ ಪಾತ್ರೆ ತೊಳೆದೆ. ನಮ್ಮ ಮನೆಯ ಪಾತ್ರೆಗಳು ಇಷ್ಟು ಫಳಫಳ ಹೊಳೆದದ್ದು ಇದೇ ಮೊದಲು. ಕ್ಷಮಿಸು.

ಅಜ್ಜಿ ಗಟ್ಟಿಯಾಗಿದ್ದಾಳೆ. ಎಂಬತ್ತೆಂಟು ತುಂಬಿದರೂ ಅಧಿಕಾರ ಬಿಟ್ಟುಕೊಟ್ಟಿಲ್ಲ. ನಿನ್ನ ಮಗಳ ಮೊದಲ ಹುಟ್ಟುಹಬ್ಬದ ಊಟ ಇಲ್ಲೇ ಆಗಬೇಕೆಂದು ತೀರ್ಮಾನಿಸಿ, ಹಂದಿ ಬೇಯಿಸುವ ಗುಂಡಿಯನ್ನು ಆಗಲೇ ಅಗೆಸಿಟ್ಟಿದ್ದಾಳೆ. ನೀನು ಬರುವುದಿಲ್ಲ ಎಂದು ಬರೆದಿದ್ದೀಯ ಎಂದೆ. “ಅವಳು ಬರ್ದಿದ್ರೆ ಬರ್ಕೊಳ್ಲಿ, ನಾನು ಓದಿಲ್ಲ” ಅಂದಳು. ಮೊನ್ನೆ ಬೆಂದ ಕೆಸುವಿನ ಗೆಡ್ಡೆಯ ಸಿಪ್ಪೆ ಹೆರೆಯುತ್ತ ಕೂತಿದ್ದಳು. ಕೈಯಲ್ಲಿ ಎಂದೋ ಕಡಲ ಬಂಡೆಯಿಂದ ಕಿತ್ತ ಅದೇ ಹಳೇ ಒಪಿಹಿ ಚಿಪ್ಪು. ಚಾಕು ಕೊಟ್ಟರೆ ಬೈಯುತ್ತಾಳೆ. “ಲೇ ಎಮಾಲಿಯಾ, ಮಗೂನ ಮೊದಲ ವರ್ಷದ ಊಟಕ್ಕೆ ಒಪಿಹಿ ಇಲ್ಲ ಅಂದ್ರೆ ಊರೋರು ನಗಲ್ವೇನೇ? ಕೀಳೋರನ್ನ ಗೊತ್ತುಮಾಡು” ಎಂದಳು. ನಾನು ಹೂಂ ಅಂದೆ. ಯಾರಿಗೂ ಇನ್ನೂ ಹೇಳಿಲ್ಲ.

ಈಗ ನಿನ್ನ ಪತ್ರದ ವಿಷಯ. “ಒಪಿಹಿ ಬಡಿಸುವ ಎಲೆಯ ಮುಂದೆ ನಾನು ಕೂರಲಾರೆ, ಅತ್ತೆ. ದಡದಲ್ಲಿ ಕೂತು ಒಂದನ್ನು ತಿಂದು ಅಪ್ಪನನ್ನು ಕಳೆದವಳು ನಾನು. ಆಮೇಲೂ ಊರವರು ನನ್ನನ್ನು ಒಪಿಹಿ ಎಂದೇ ಕರೆದರಲ್ಲ, ಯಾವ ಅರ್ಥದಲ್ಲಿ?” ಎಂದು ಕೇಳಿದ್ದೀಯ. ಸಮುದ್ರವೇ ಇಲ್ಲದ ಲಾಸ್ ವೇಗಸ್ಸಿಗೆ ಹೋಗಿ ನೆಲೆಸಿದವಳು ಇಷ್ಟು ವರ್ಷ ಇದನ್ನೇ ಹೊತ್ತುಕೊಂಡಿದ್ದೆ ಎಂದು ನಿನ್ನ ಪತ್ರ ಓದಿಯೇ ನನಗೆ ತಿಳಿದದ್ದು.

ಹೆಸರಿನ ಮಾತು ಮೊದಲು ಮುಗಿಸುತ್ತೇನೆ, ಅದು ಸುಲಭ. ನಿನಗೆ ಎರಡು ವರ್ಷವಿದ್ದಾಗ ನಿನ್ನ ಅಪ್ಪ, ನನ್ನ ಲೋಪಕಾ ಅಣ್ಣ, ಕೆಲಸದಿಂದ ಬಂದ ಕೂಡಲೇ ಅವನ ಕಾಲು ತಬ್ಬಿಕೊಳ್ಳುತ್ತಿದ್ದೆ. ಅವನು ನಿನ್ನನ್ನು ಕಾಲಿನಲ್ಲೇ ಇಟ್ಟುಕೊಂಡು ಮನೆಯೆಲ್ಲ ಕುಂಟುತ್ತ, “ಈ ಒಪಿಹೀನ ಕೀಳೋಕೆ ಯಾರಾದ್ರೂ ಚಾಕು ತನ್ರಪ್ಪೋ” ಎಂದು ಕೂಗುತ್ತಿದ್ದ. ಬಂಡೆ ಬಿಡದ ಜೀವ, ಬಿಡದೆ ಅಂಟಿಕೊಂಡವಳು. ಇಟ್ಟವನ ಅರ್ಥ ಅಷ್ಟೇ. ನಮ್ಮಲ್ಲಿ ಯಾರನ್ನು ಹಾಗೆ ಕರೆಯುವುದಿಲ್ಲ ಹೇಳು? ಪಕ್ಕದ ಮನೆಯ ಮುದುಕ ಮಕಾಯಿಯೋ ಈಗಲೂ ಹೇಳುತ್ತಾನೆ, “ನನ್ನ ಅಳಿಯ ಇದ್ದಾನಲ್ಲ, ಶುದ್ಧ ಒಪಿಹಿ. ಮದುವೆ ದಿನ ನನ್ನ ಸೋಫಾ ಮೇಲೆ ಕೂತೋನು ಇನ್ನೂ ಎದ್ದಿಲ್ಲ.”

ಇನ್ನೊಂದು ಅರ್ಥವೂ ಇದೆ, ಇಲ್ಲವೆನ್ನುವುದಿಲ್ಲ. ಹಳಬರು ಒಪಿಹಿಯನ್ನು ಸಾವಿನ ಮೀನು ಎನ್ನುತ್ತಾರೆ. ಅದು ಕೂತಿರುವುದೇ ಅಲೆ ಬಡಿಯುವ ಕಡೆ, ಕೀಳುವವನೂ ಅಲ್ಲೇ ಹೋಗಬೇಕು. ಮೊದಲ ಏಟಿಗೆ ಚಾಕು ಅಡಿಗೆ ನುಗ್ಗಿದರೆ ಸರಿ. ತಪ್ಪಿದರೆ ಅದು ಬಂಡೆಯನ್ನು ಕಚ್ಚಿ ಹಿಡಿಯುತ್ತದೆ, ನೀನು ಹಟ ಹಿಡಿದು ಕೂರುತ್ತೀಯ, ಅಷ್ಟರಲ್ಲಿ ಅಲೆ ಬರುತ್ತದೆ. ಇದರಲ್ಲಿ ಅದರ ತಪ್ಪೇನೂ ಇಲ್ಲ. ಪಾಪ, ಅದು ತನ್ನ ಬಂಡೆಗೆ ತಾನು ಅಂಟಿಕೊಂಡಿದೆ, ಅರ್ಥಗಳೆಲ್ಲ ನಮ್ಮವು. ಅಣ್ಣ ಹೋದ ಮೇಲೆ ಜನ ನಿನ್ನನ್ನು ಆ ಹೆಸರಿನಿಂದ ಕರೆಯುವಾಗ ದನಿ ಸ್ವಲ್ಪ ತಗ್ಗಿಸುತ್ತಿದ್ದರು, ಅದು ನಿಜ. ಐದು ವರ್ಷದ ನಿನಗೆ ಅದು ಗೊತ್ತಾಗಲಿಕ್ಕಿಲ್ಲ ಅಂದುಕೊಂಡಿದ್ದೆ. ಗೊತ್ತಾಗಿತ್ತು.

ನಮ್ಮ ಕಟ್ಟಳೆ ನಿನಗೆ ತಿಳಿದದ್ದೇ. ಕೀಳುವವರು ನೀರಿನಿಂದ ಮೇಲೆ ಬರುವ ತನಕ ದಡದಲ್ಲಿರುವವರು ಒಂದು ಒಪಿಹಿಯನ್ನೂ ಬಾಯಿಗೆ ಹಾಕಬಾರದು, ಹಾಕಿದರೆ ಕಡಲು ಕೆರಳಿ ಅವರನ್ನು ಬಡಿಯುತ್ತದೆ. ಅಜ್ಜಿ ಇದನ್ನು ಈಗಲೂ ನಂಬುತ್ತಾಳೆ. ನಾನು ಅರವತ್ತನಾಲ್ಕು ವರ್ಷ ಈ ಕಡಲನ್ನು ನೋಡಿದ್ದೇನೆ. ದಡದಲ್ಲಿ ಯಾರ ಬಾಯಿ ಆಡುತ್ತಿದೆ ಎಂದು ಅದು ತಿರುಗಿ ನೋಡಿದ್ದನ್ನು ಕಂಡಿಲ್ಲ. ಅದಕ್ಕೆ ಬೆನ್ನು ಹಾಕಿದವರನ್ನು ಒಯ್ಯುತ್ತದೆ. ಆ ಬೆಳಿಗ್ಗೆ ನಡೆದದ್ದೂ ಅಷ್ಟೇ. ಅಣ್ಣ ಹನ್ನೆರಡನೇ ವಯಸ್ಸಿನಿಂದ ಒಪಿಹಿ ಕಿತ್ತವನು, ಕಡಲಿಗೆ ಒಂದು ಸಲವೂ ಬೆನ್ನು ಹಾಕಿದವನಲ್ಲ. ಅಂದು ಒಂದು ಸಲ ದಡದ ಕಡೆ ತಿರುಗಿದ. ಯಾಕೆ ತಿರುಗಿದನೋ, ದೇವರೇ ಬಲ್ಲ. ಆಗ ಬಂದ ಅಲೆ ತೀರ ದೊಡ್ಡದೂ ಆಗಿರಲಿಲ್ಲ. ಮೂರನೇ ದಿನ ಸಿಕ್ಕಿದ.

ಆದ್ದರಿಂದ ನಿನ್ನ ಮೇಲೆ ಯಾವ ಪಾಪವೂ ಇಲ್ಲ. ಮಗುವನ್ನು ಕರೆದುಕೊಂಡು ಬಾ. ಅಜ್ಜಿಗೆ ಇನ್ನೆಷ್ಟು ಊಟ ಮಾಡಿಸುವ ಶಕ್ತಿ ಇದೆಯೋ ಗೊತ್ತಿಲ್ಲ. ಬ್ರೆಡ್‌ಫ್ರೂಟ್ ಮರ ಈ ವರ್ಷ ಕೊಂಬೆ ಮುರಿಯುವಷ್ಟು ಬಿಟ್ಟಿದೆ. ನಿನ್ನ ಗಂಡನಿಗೆ ಹಸಿ ಮೀನು ಆಗುವುದಿಲ್ಲ ಎಂದಿದ್ದೆಯಲ್ಲ, ಅವನಿಗೆ ಕೋಳಿ ಮಾಡೋಣ.

ದೇವರು ನಿಮ್ಮ ಮೂವರನ್ನೂ ಚೆನ್ನಾಗಿಟ್ಟಿರಲಿ. ಪುಟ್ಟಿಯ ನೆತ್ತಿಗೆ ನನ್ನದೊಂದು ಮುತ್ತು.

ನಿನ್ನ ಅತ್ತೆ,
ಎಮಾಲಿಯಾ

ಮತ್ತೆ: ಲಕೋಟೆ ಅಂಟಿಸಿ ಆಗಿತ್ತು, ಹರಿದು ಇದನ್ನು ಸೇರಿಸುತ್ತಿದ್ದೇನೆ. ದೇವರೇ ಬಲ್ಲ ಎಂದು ಬರೆದೆನಲ್ಲ, ನಾನೂ ಬಲ್ಲೆ.

ಅಣ್ಣ ಮೊದಲ ಚೀಲ ತುಂಬಿಸಿ ನನ್ನ ಕೈಗೆ ಕೊಟ್ಟು ಮತ್ತೆ ಇಳಿದ. ಅದರಿಂದ ಒಂದನ್ನು ತೆಗೆದು, ಹೆಬ್ಬೆರಳಿನಿಂದ ಮಾಂಸ ಎಬ್ಬಿಸಿ ತಿಂದವಳು ನಾನು. ಹಸಿವೇನೂ ಇರಲಿಲ್ಲ, ಬಾಯಿಚಪಲ. ಖಾಲಿ ಚಿಪ್ಪನ್ನು ಆಡಿಕೋ ಎಂದು ನಿನಗೆ ಕೊಟ್ಟೆ. ನೀನು ಅದರಲ್ಲಿದ್ದ ಉಪ್ಪುನೀರು ನೆಕ್ಕಿದೆ. ನೀನು ಮಾಡಿದ್ದು ಅಷ್ಟೇ. ಆಮೇಲೆ ಅಜ್ಜಿ ಓಡಿಬಂದು ನಿನ್ನ ಕೈಯಲ್ಲಿ ಚಿಪ್ಪು ಕಂಡು “ತಿಂದ್ಯೇನೇ?” ಎಂದು ಕೇಳಿದಾಗ ನೀನು ಹೂಂ ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ತಿಂದದ್ದಾದರೂ ಕಟ್ಟಳೆಯ ಮಾತು ಎಂದು ತಳ್ಳಿಹಾಕಬಹುದು. ಇದನ್ನು ತಳ್ಳಿಹಾಕಲಾಗುವುದಿಲ್ಲ. ನಾನು ತಿಂದದ್ದು ಮೇಲಿನ ಬಂಡೆಯ ಕಪ್ಪು ಜಾತಿಯದು. ಹಳದಿಯವು ಹೆಚ್ಚು ರುಚಿ, ಅವು ಕೆಳಗೆ ಅಲೆ ಒಡೆಯುವಲ್ಲಿ ಇರುತ್ತವೆ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೂಗಿದೆ: “ಅಣ್ಣಾ, ಹಳದಿಯವು ಕೀಳೋ, ಇವು ಸಪ್ಪೆ!” ಅಲೆಯ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. “ಏನೇ?” ಎನ್ನುತ್ತ ನನ್ನ ಕಡೆ ತಿರುಗಿದ.

ಅಜ್ಜಿಗೆ ಇಪ್ಪತ್ತೆಂಟು ವರ್ಷದಿಂದ ಹೇಳಿಲ್ಲ. ಈ ಪತ್ರವನ್ನು ಅಂಚೆಗೆ ಹಾಕಿ ಬಂದು ಹೇಳುತ್ತೇನೆ. ನೀನು ಮಗುವನ್ನು ಕರೆದುಕೊಂಡು ಬಾ, ತಾಯಿ. ಆ ಊಟಕ್ಕೆ ಒಬ್ಬರು ಬರಬಾರದು ಎಂದಾದರೆ, ಅದು ನಾನು.