ಎಡಬಾಗಿಲ ಸಿಳ್ಳೆ

ಜನವರಿ 5, ಸೋಮವಾರ

ಎಂದಿನಂತೆ ಹಾಸ್ಟೆಲ್ ಗೇಟಿನ ಮುಂದೆ ಕಾರು. ಎರಡು ಹಾರ್ನ್. ಸುಂಕಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಎಡಗಡೆ ಸೀಟಿನಲ್ಲಿ ಕೂತಳು. ಬಳ್ಳಾರಿಯಿಂದ ಸಿರುಗುಪ್ಪ. ನಾಟಕದ ತಾಲೀಮಿಗೆ ಮುಟ್ಟುವಷ್ಟರಲ್ಲಿ ಇವತ್ತಿನ ಪಾಠ ಮುಗಿಯಬೇಕು.

ಆಕೆಗೆ ಓದಲು ಬಾರದು. ಬಾರದಿದ್ದರೇನು! ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ರಾಣಿಯಾಗಿ ನಿಂತರೆ ಟೆಂಟಿಗೆ ಟೆಂಟೇ ಉಸಿರು ಹಿಡಿಯುತ್ತಿತ್ತು. ನಾನು ಹೇಳುವುದು, ಆಕೆ ತಿರುಗಿ ಹೇಳುವುದು. ಹಿಂದಿನ ಎಲ್ಲ ಪಾತ್ರಗಳನ್ನೂ ಆಕೆ ಕಲಿತದ್ದು ಹೀಗೆ ಕೇಳಿಯೇ. ಎಷ್ಟೋ ವರ್ಷಗಳ ಮೇಲೆ ಮತ್ತೆ ಬಣ್ಣ ಹಚ್ಚುತ್ತಿದ್ದಾಳೆ. ನಾನು ಬರೆದ ನಾಟಕ, ತಾಯಿಯ ಪಾತ್ರ. ಹಗಲೆಲ್ಲ ಹಾಸ್ಟೆಲ್ ಅಡುಗೆ, ಮನೆಗೆ ಹೋದರೆ ಮೊಮ್ಮಕ್ಕಳ ಸಂತೆ. ಕಲಿಯಲು ಇರುವುದು ಈ ಕಾರಿನ ಹಾದಿ ಒಂದೇ.

ಊರು ದಾಟಿತು. ಸ್ಪೀಡು ಅರವತ್ತು. ಆಗ ಪ್ರವೇಶ! ಪರದೆ ಸರಿಯಲಿಲ್ಲ, ಗಂಟೆ ಬಾರಿಸಲಿಲ್ಲ — ಕುಯ್ಯ್ಯ್ಯ್... ಕಾರಿನೊಳಗೆ ಗಾಳಿಯ ಸಿಳ್ಳೆ. ಎಪ್ಪತ್ತಕ್ಕೆ ಹೋದರೆ ಶಂಖನಾದ. ನಾನು ಬಿಡುವವನೇ? ಕಂಠ ಏರಿಸಿದೆ. ಅದೂ ಏರಿಸಿತು. ಸಿರುಗುಪ್ಪ ಬರುವಷ್ಟರಲ್ಲಿ ಗಂಟಲು ಹರಿದ ತಮಟೆ.

ಜನವರಿ 8, ಗುರುವಾರ

ದುರಂತ.

ಮೂರನೇ ಅಂಕ. ಬೆಳಗಾದರೆ ಮಗ ಯುದ್ಧಕ್ಕೆ ಹೊರಡುತ್ತಾನೆ. ಮಲಗಿದ್ದಾನೆ. ತಾಯಿ ತಲೆದೆಸೆಗೆ ಕೂತು, ಅವನಿಗೆ ಎಚ್ಚರವಾಗದಂತೆ ಹೇಳುತ್ತಾಳೆ: "ಮಲಗು ಮಗನೇ. ಬೆಳಗಾಗುವ ತನಕ ನೀನು ನನ್ನವನು." ಇಡೀ ನಾಟಕ ನಿಂತಿರುವುದು ಈ ಮಾತಿನ ಮೇಲೆ.

ಸುಂಕಮ್ಮ ಕೂತಳು. ಬಗ್ಗಿದಳು. ಬಾಯಿ ತೆರೆದಳು — ಸಿಡಿಲು! ಮಗನ ಪಾತ್ರದ ಎರ್ರಿ ದಡಕ್ಕನೆ ಎದ್ದು ಕೂತು, "ಯವ್ವಾ! ಏನಾತು?" ಅಂದ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು.

ನಾಟಕ ಸಂಘದ ಅಧ್ಯಕ್ಷ ಚಿದಾನಂದಪ್ಪ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ. "ದೊಡ್ಡಬಸವರಾಜ ಮಾಸ್ತರ, ಇದು ತಾಯಿ ಮಾತೋ, ಕಂಡಕ್ಟರ್ ಆದೋನಿ ಆದೋನಿ ಅಂತ ಕೂಗಿದ್ದೋ? ಹೊಸಪೇಟಿ ಕಡಿ ಒಬ್ಬಾಕಿನ್ನ ಕೇಳಿಟ್ಟೀನಿ. ತಿಂಗಳ ಕೊನಿ ತನಕ ನೋಡ್ತೀವಿ. ಹಿಂಗ ಇದ್ರ ಆಕಿನ್ನ ಕರಸ್ತೀವಿ, ಸಿಟ್ಟಾಗಬ್ಯಾಡ್ರಿ."

ಆಕೆಗೂ ಕೇಳಿಸಿತು. ವಾಪಸ್ ಬರುವಾಗ ತೆಕ್ಕಲಕೋಟೆ ದಾಟಿತು. ಆಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ:

"ನೀವು ಹೆಂಗ ಹೇಳಿದ್ರಿ ಹಂಗ ಹೇಳೀನ್ರೀ ಮಾಸ್ತರ. ನನ್ನ ಕಿವ್ಯಾಗ ಆ ಮಾತು ಹಂಗ ಕುಂತೈತಿ."

ನಿಜ. ಗಾಳಿಯ ಮೇಲೆ ಕೂಗಿ ಹೇಳಿದೆ. ಆಕೆ ಕೂಗನ್ನೇ ಕಲಿತಳು. ಎಲೈ ಸಿಳ್ಳೆಯೇ! ಯಾವ ಸಂದಿಯಲ್ಲಿ ಅಡಗಿದ್ದರೂ ನಿನ್ನನ್ನು ಹೊರಗೆಳೆಯದೆ ಬಿಡೆನು. ಸುಂಕಮ್ಮನ ಪಾತ್ರ ಹೋಗಕೂಡದು.

ಜನವರಿ 9, ಶುಕ್ರವಾರ

ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟೆ. ಕೇಳಿದಳು. ವಾಪಸ್ ಕೊಟ್ಟಳು.

"ಇದರಾಗ ಬಾಯಿ ಕಾಣಂಗಿಲ್ರೀ. ನಾ ತಪ್ಪಿದ್ರ ತಡಿಯಂಗಿಲ್ಲ. ತನ್ನ ಪಾಡಿಗೆ ತಾ ಹೇಳಿಕೋಂತ ಹೋಗತೈತಿ."

ಸರಿ, ಕಾರನ್ನೇ ನಿಧಾನ ಓಡಿಸಿದೆ. ನಲವತ್ತರಲ್ಲಿ ಸಿಳ್ಳೆ ಇಲ್ಲ. ಭತ್ತದ ಟ್ರ್ಯಾಕ್ಟರ್ ಹಾರ್ನ್ ಹಾಕಿ ನಮ್ಮನ್ನು ದಾಟಿ ಹೋಯಿತು. ಡ್ರೈವರ್ ಕೈ ಮಾಡಿ ನಕ್ಕ. ಮುಟ್ಟುವಷ್ಟರಲ್ಲಿ ತಾಲೀಮು ಅರ್ಧ ಆಗಿತ್ತು. ಚಿದಾನಂದಪ್ಪ ಗಡಿಯಾರ ನೋಡಿದ, ನನ್ನನ್ನು ನೋಡಲಿಲ್ಲ.

ಜನವರಿ 10, ಶನಿವಾರ

ಗ್ಯಾರೇಜು. ಮೆಕ್ಯಾನಿಕ್ ಚಂದ್ರಣ್ಣ ಊರೊಳಗೆ ಒಂದು ರೌಂಡ್ ಹೊಡೆದು ಬಂದ.

"ಎಲ್ಲೈತ್ರೀ ಸೌಂಡು?"

"ಈ ಟ್ರಾಫಿಕ್ಕಿನ್ಯಾಗ ಅದು ಹೆಂಗ ಬರತೈತೋ ಮಾರಾಯ! ರೋಡಿಗೆ ಬಾ."

"ಒಂದು ಛಲೋ ಸ್ಟೀರಿಯೋ ಹಾಕಸ್ರಿ ಮಾಸ್ತರ. ಹಾಡು ಹಚ್ಚಿದ್ರ ಕೇಳ್ಸಂಗೇ ಇಲ್ಲ."

ಕುರುಗೋಡು ರಸ್ತೆಗೆ ಎಳೆದುಕೊಂಡು ಹೋದೆ. ಕೊಳಗಲ್ಲು ದಾಟಿ ಎಪ್ಪತ್ತು — ಬಂತು! ಚಂದ್ರಣ್ಣನ ಹುಬ್ಬು ಮೇಲೇರಿತು. ಹೊರಗಿನ ಕನ್ನಡಿ ಇರಬೇಕು ಎಂದ. ಎರಡೂ ಮಡಚಿ ಓಡಿಸಿದೆವು. ಸಿಳ್ಳೆ ಅಲ್ಲಾಡಲಿಲ್ಲ. ಟೈರ್? ಟೈರಾದರೆ ರಸ್ತೆ ಬದಲಾದಂತೆ ಸದ್ದು ಬದಲಾಗಬೇಕಂತೆ. ಇದು ಬದಲಾಗದು.

"ಹಂಗಾದ್ರ ಒಂದ ದಾರಿ. ಎಲ್ಲಾ ಸಂದಿಗೂ ಟೇಪ್ ಹಚ್ರಿ. ಸೌಂಡ್ ನಿಂತ್ರ ಸಂದೀದ. ಆಮ್ಯಾಲ ಒಂದೊಂದ ಕಿತ್ತು ನೋಡ್ಕೋಂತ ಹೋಗ್ರಿ. ನನಗ ಟೈಮಿಲ್ಲ, ಮನ್ಯಾಗ ಮಾಡ್ಕೋರಿ."

ಮಾಡೋಣ.

ಜನವರಿ 11, ಭಾನುವಾರ

ಹೆಂಡತಿ ಅರುಣಾಳನ್ನು ಹೊರಡಿಸಿದೆ. ನನ್ನ ಬಾಗಿಲು ಒಂದನ್ನು ಬಿಟ್ಟು ಉಳಿದ ಮೂರೂ ಬಾಗಿಲ ಅಂಚಿಗೆ ಟೇಪ್, ಮುಂದಿನ ಗಾಜಿನ ಸುತ್ತ ಟೇಪ್. ಆಕೆ ನನ್ನ ಬಾಗಿಲಿನಿಂದ ಹತ್ತಿ, ಗೇರ್ ದಾಟಿ ಆ ಕಡೆ ಕೂರಬೇಕಾಯಿತು.

"ಮೊಣಕಾಲು ನೋವು ಅಂದಾಗ ಡಾಕ್ಟರ್ ಕಡಿ ಕರ್ಕೊಂಡು ಹೋಗಲಿಲ್ಲ. ಈಗ ಸರ್ಕಸ್ ಮಾಡಸ್ತೀರಿ."

"ಕಿವಿ ತೆರೆದಿಡು ದೇವಿ."

"ಆ ಟೇಪ್ ಒಂದ್ ತುಂಡು ಉಳಿಸ್ರಿ. ನಿಮ್ಮ ಬಾಯಿಗೂ ಬೇಕು."

ಕುರುಗೋಡು ರಸ್ತೆ. ಅರವತ್ತು... ಎಪ್ಪತ್ತು... ಸದ್ದಿಲ್ಲ! ಸ್ಟೀರಿಂಗ್ ಗುದ್ದಿದೆ. ಶತ್ರು ಸಂದಿಯಲ್ಲೇ ಇದ್ದಾನೆ.

ಇನ್ನು ಬೇಟೆ. ಗಾಜಿನ ಟೇಪ್ ಕಿತ್ತು ಓಡಿಸಿದೆ, ಇಲ್ಲ. ಹಿಂದಿನ ಬಾಗಿಲುಗಳು, ಇಲ್ಲ. ಹೋಗುವುದು, ನಿಲ್ಲಿಸುವುದು, ಕೀಳುವುದು, ತಿರುಗಿಸುವುದು. ಕೊಳಗಲ್ಲಿನ ಚಹಾದಂಗಡಿಯವರು ಬೆಂಚು ಈ ಕಡೆಗೆ ತಿರುಗಿಸಿಕೊಂಡೇ ಕೂತರು.

"ಏನ್ರೀ ಮಾಸ್ತರ, ಕಾರಿಗೆ ಆಪ್ರೇಷನ್ ಆತೇನ್ರೀ?"

"ಹೊಲಿಗಿ ಬಿಚ್ಚಾಕತ್ತೀನಪ್ಪ!"

ಕೊನೆಗೆ ಉಳಿದದ್ದು ಮುಂದಿನ ಎಡಬಾಗಿಲು. ಕೆಳಗಿನದು ಕಿತ್ತೆ, ಇಲ್ಲ. ಮೇಲಿನ ಮೂಲೆಯದು ಕಿತ್ತೆ. ಎಪ್ಪತ್ತು ಮುಟ್ಟುವ ಮೊದಲೇ ಅರುಣಾ ಕೈ ಎತ್ತಿದಳು. "ಇಲ್ಲೇ! ನನ್ನ ಕಿವೀಗೇ ಊದಾಕತ್ತೈತಿ ನೋಡ್ರಿ!"

ಸುಂಕಮ್ಮನ ಸೀಟು. ಆಕೆಯ ಕಿವಿಯ ಪಕ್ಕವೇ.

ಜನವರಿ 12, ಸೋಮವಾರ

ಹಳೆಯ ಹ್ಯಾಂಡ್‌ಬಿಲ್ ಹರಿದು ಪಟ್ಟಿ ಮಾಡಿ ಬಾಗಿಲಿಗೆ ಸಿಕ್ಕಿಸಿ ಎಳೆದೆ. ಎಲ್ಲ ಕಡೆ ಬಿಗಿ. ಆ ಮೂಲೆಯಲ್ಲಿ ಮಾತ್ರ ಬೆಣ್ಣೆಯಲ್ಲಿ ಎಳೆದಂತೆ ಬಂತು.

ಬಾಗಿಲ ಸುತ್ತಲಿನ ರಬ್ಬರ್ — ಬೀಡಿಂಗ್ ಅನ್ನುತ್ತಾರೆ — ಬೆರಳಾಡಿಸಿದರೆ ಒಂದು ತಗ್ಗು. ಕೂಡಲೇ ತಿಳಿಯಿತು. ಮೈಕಿನ ವೈರು! ಪ್ರತಿ ನಾಟಕಕ್ಕೂ ಮೇಲೆ ಲೌಡ್‌ಸ್ಪೀಕರ್ ಕಟ್ಟಿ, ವೈರನ್ನು ಇದೇ ಮೂಲೆಯಿಂದ ಒಳಗೆ ತಂದು ಬಾಗಿಲು ಹಾಕಿ, "ಬನ್ನಿರಿ ಕಲಾರಸಿಕರೇ" ಎಂದು ಹಳ್ಳಿ ಹಳ್ಳಿ ಸುತ್ತಿದ ಕಾರಿದು. ವೈರು ತೆಗೆದು ತಿಂಗಳುಗಳಾದವು. ರಬ್ಬರ್ ಮತ್ತೆ ಮೇಲೇಳಲಿಲ್ಲ.

ಚಂದ್ರಣ್ಣನಿಗೆ ಫೋನ್. "ಬೀಡಿಂಗ್ ತರಸ್ತೀನಿ. ನಾಳಿ ಇಲ್ಲಾ ನಾಡಿದ್ದು ಬರತೈತ್ರೀ."

ಜನವರಿ 15, ಗುರುವಾರ

ಸಂಕ್ರಾಂತಿ. ಗ್ಯಾರೇಜು ಬಂದ್. ಬೀಡಿಂಗ್ ಬಂದಿಲ್ಲ.

ನಿನ್ನೆ ಸುಂಕಮ್ಮನೇ ಉಪಾಯ ಹೇಳಿದ್ದಳು: "ನನ್ನ ಒಳಗ ಕುಂದ್ರಿಸಿ ಹೊರಗಿಂದ ಟೇಪ್ ಹಚ್ರಿ, ಇಳಿಯಾಕ ಯಾರಿಗೆ ಅವಸರೈತಿ?" ಹಚ್ಚಿದೆ. ರಸ್ತೆಯ ಧೂಳಿಗೆ ಅರ್ಧ ದಾರಿಯಲ್ಲಿ ಟೇಪ್ ಬಿಟ್ಟುಕೊಂಡು ಪಟಪಟ ಬಡಿಯಿತು. ಸಿಳ್ಳೆಯ ಜೊತೆಗೆ ತಬಲಾ! ಇಬ್ಬರೂ ನಕ್ಕೆವು. ಆಮೇಲೆ ಆಕೆ ನಗು ನಿಲ್ಲಿಸಿ, "ಹೊಸಪೇಟಿ ಆಕಿ ಚಂದ ಅದಾಳೇನ್ರೀ?" ಅಂದಳು.

ಕಾರು ನಿಲ್ಲಿಸಿ, ಇಳಿದು, ಟೇಪನ್ನು ಮತ್ತೆ ಒತ್ತಿದೆ.  

ಜನವರಿ 19, ಸೋಮವಾರ

ಬಂತು. ಗ್ಯಾರೇಜಿನಲ್ಲಿ ಎದುರಿಗೇ ನಿಂತು ಮಾಡಿಸಿದೆ. ಹಳೆಯ ರಬ್ಬರ್ ಕಿತ್ತು, ಅಂಚಿನ ಮಣ್ಣೆಲ್ಲ ಒರೆಸಿ, ಹೊಸದನ್ನು ಮೂಲೆಯಿಂದ ಒತ್ತುತ್ತಾ ಬಂದ ಚಂದ್ರಣ್ಣ. ಬಾಗಿಲು ಇನ್ನೂ ಕೊಂಚ ಸಡಿಲ. ಲಾಕಿನ ಕೊಂಡಿಯನ್ನು ಒಳಕ್ಕೆ ಸರಿಸಿದ. ಕಾಗದದ ಪಟ್ಟಿ ಎಳೆದೆ. ಹರಿಯಿತೇ ಹೊರತು ಜಾರಲಿಲ್ಲ.

ಒಬ್ಬನೇ ಕುರುಗೋಡಿನ ತನಕ ಓಡಿಸಿದೆ. ಎಪ್ಪತ್ತು. ಎಂಬತ್ತು. ಜೇಬಿನ ಬೀಗದಕೈ ಸದ್ದು ಕೇಳಿತು! ಗಾಜು ಇಳಿಸಿ, ಹೊಲದ ಕಡೆಗೆ ಮುಖ ಮಾಡಿ ಜಯಘೋಷ ಹಾಕಿದೆ. ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರು ನೆಟ್ಟಗೆ ನಿಂತು ನೋಡಿದರು.

ಜನವರಿ 20, ಮಂಗಳವಾರ

ಇದನ್ನು ಹೇಗೆ ಬರೆಯಲಿ.

ಸುಂಕಮ್ಮ ಕೂತಳು. ಎಪ್ಪತ್ತು. ನಿಶ್ಶಬ್ದ. ಗರ್ಭಗುಡಿಯಂಥ ಕಾರು. ನಾನು ಎದೆ ತುಂಬಿ ಉಸಿರೆಳೆದು ಆರಂಭಿಸಿದೆ: "ಮಲಗು ಮಗನೇ—"

ಆಕೆ ಎರಡೂ ಕಿವಿ ಮುಚ್ಚಿಕೊಂಡಳು.

"ಮಾಸ್ತರ, ಗಾಳಿ ಹೋತಲ್ರೀ. ಈಗ್ಯಾಕ ಕೂಗ್ತೀರಿ?"

ಕೂಗಿದೆನೇ? ಇಳಿಸಿ ಹೇಳಿದೆ. "ಇನ್ನೂ ಐತ್ರೀ." ಮತ್ತೆ ಇಳಿಸಿದೆ. ಈಗ ಗಂಟಲೇ ಕಟ್ಟಿತು, ಮಾತಲ್ಲ, ಗೊರಗೊರ.

ಮೈಕಿಲ್ಲದ ಬಯಲಿನಲ್ಲಿ ಕಲಿತ ಕಂಠ ಇದು. ನಮ್ಮ ಗುರುಗಳು ದೂರದ ಬೇವಿನ ಮರದ ಕೆಳಗೆ ನಿಂತು, ಅಲ್ಲಿಗೆ ಕೇಳಿದರೆ ಮಾತ್ರ ಪಾಸು ಅನ್ನುತ್ತಿದ್ದರು. ಏರಿಸಲು ಕಲಿಸಿದರು. ಇಳಿಸಲು ಯಾರೂ ಕಲಿಸಲಿಲ್ಲ.

ತಿಂಗಳ ಕೊನೆ ಹತ್ತಿರ. ಈ ಕಂಠವೂ ಒಂದು ಸಂದಿ. ಇದನ್ನೂ ಮುಚ್ಚುತ್ತೇನೆ.

ಜನವರಿ 21, ಬುಧವಾರ

ಅರುಣಾಳಿಗೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೀರೆ ಬದಲಿಸಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ನನ್ನ ಹೆಗಲ ಮೇಲೆ ಕೈ. ದನಿ ಏರಿದರೆ ಒತ್ತುವುದು. ತೆಕ್ಕಲಕೋಟೆಗೆ ಹೋಗುವಷ್ಟರಲ್ಲಿ ಹೆಗಲು ಹಣ್ಣಾಯಿತು.

"ನನಗ ಜ್ವರ ಬಂದಾಗ ಮಾತಾಡಸ್ತೀರಲ್ಲ," ಅಂದಳು, "ಹಂಗ ಹೇಳ್ರಿ."

"ಆವಾಗ ಹೆಂಗ ಮಾತಾಡ್ತೀನಿ?"

"ನಿಮಗ ಗೊತ್ತಿಲ್ಲೇನು? ನನಗ ಗೊತ್ತೈತಿ."

ಹೇಳಿದೆ. ಕೈ ಒತ್ತಲಿಲ್ಲ. ಸುಂಕಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ಜೊತೆಗೇ ತುಟಿ ಅಲ್ಲಾಡಿಸಿದಳು. "ಇನ್ನೊಮ್ಮೆ ಹೇಳ್ರಿ" ಅಂದಳು.

ಜನವರಿ 29, ಗುರುವಾರ

ತಾಲೀಮು. ಮೂರನೇ ಅಂಕ. ಎರ್ರಿ ಏಳಲಿಲ್ಲ. ಯಾರೂ ನಗಲಿಲ್ಲ.

ಚಿದಾನಂದಪ್ಪ ಬಹಳ ಹೊತ್ತು ಮೀಸೆ ತೀಡಿದ. "ಹೊಸಪೇಟಿಗೆ ಬ್ಯಾಡಂತ ಫೋನ್ ಮಾಡ್ತೀನಿ ಬಿಡ್ರಿ. ಆದ್ರ ಮಾಸ್ತರ... ಆಕಿ ಬಾಗಿ ಮೆಲ್ಲಕ ಹೇಳಿದ್ರ ಸ್ಟೇಜಿನ ಮ್ಯಾಲೆ ತೂಗಬಿಟ್ಟ ಮೈಕು ಹಿಡಿಯಂಗಿಲ್ಲ. ಕಡೀ ಸಾಲಿನ ಮಂದಿ ಸುಮ್ಕಿರತಾರೇನು?"

ನನಗೂ ಗೊತ್ತಿಲ್ಲ. 

ಫೆಬ್ರವರಿ 9, ಸೋಮವಾರ, ಬೆಳಿಗ್ಗೆ

ನಿನ್ನೆ ಪ್ರಯೋಗ. ಪೆಂಡಾಲ್ ತುಂಬಿ ಜನ ಹೊರಗೂ ನಿಂತಿದ್ದರು. ನಾನು ಪಕ್ಕದ ಪರದೆಯ ಮರೆಯಲ್ಲಿ.

ಮೂರನೇ ಅಂಕ. ಸುಂಕಮ್ಮ ಬಗ್ಗಿದಳು, ಹೇಳಿದಳು. ನನಗೆ ಕೇಳಿತು. ಹಿಂದಿನಿಂದ ಒಂದು ಕೂಗು: "ಏಯ್, ಕೇಳ್ಸವಲ್ದು! ಜೋರ ಹೇಳ್ಬೇ ಯವ್ವಾ!" ಸೀಟಿ. ಚಪ್ಪಾಳೆ. ಇನ್ನೊಂದು ಸೀಟಿ.

ಆಕೆ ನನ್ನ ಕಡೆ ನೋಡಿದಳು. ಮಗನ ತಲೆಯ ಮೇಲಿನ ಕೈ ತೆಗೆಯಲಿಲ್ಲ, ಕಣ್ಣು ಮಾತ್ರ ನನ್ನ ಮೇಲೆ. ಹಿಂದಿನಿಂದ ಚಿದಾನಂದಪ್ಪ ನನ್ನ ಅಂಗಿ ಜಗ್ಗುತ್ತಿದ್ದ: "ಏರ್ಸಾಕ ಹೇಳ್ರಿ! ಏರ್ಸಾಕ ಹೇಳ್ರಿ!" ಆ ಮಾತು ನನ್ನ ಗಂಟಲಲ್ಲೇ ಇತ್ತು. ಅಲ್ಲಿಂದಲೇ ಎಸೆದಿದ್ದರೆ ಆದೋನಿಗೆ ಮುಟ್ಟುತ್ತಿತ್ತು.

ಕೈ ಚಾಚಿದೆ. ಅಂಗೈ ಕೆಳಗೆ ಮಾಡಿದೆ. ಇನ್ನೂ ಇಳಿಸು.

ಇಳಿಸಿದಳು. ಮೊದಲಿಗಿಂತ ಮೆಲ್ಲಗೆ, ಪ್ರತಿ ಅಕ್ಷರವನ್ನೂ ಅವನ ಕಿವಿಗೇ ಇಟ್ಟಂತೆ. ಮುಂದಿನ ಸಾಲು ಸುಮ್ಮನಾಯಿತು. ಅದರ ಹಿಂದಿನದು. ಒಬ್ಬಳು ತಾಯಿ ಅಳುವ ಕೂಸಿನ ಬಾಯಿ ಮುಚ್ಚಿದಳು. ಸೀಟಿ ಹಾಕಿದವನ ಬೆನ್ನಿಗೆ ಯಾರೋ ಗುದ್ದಿದ್ದು ಕಂಡಿತು. ಮತ್ತೆ ಆ ಕೂಗಿದ ಮನುಷ್ಯ — ತುಂಬು ಪೆಂಡಾಲಿನ ನಡುವೆ, ಸದ್ದಾಗದಂತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಆಕೆಯ ಮಾತಿಗೆ ಕಿವಿಗೊಟ್ಟು, ಒಂದೊಂದೇ ಹೆಜ್ಜೆ ಮುಂದಕ್ಕೆ ಬರುತ್ತಿದ್ದ.