ಸರ್ವರಿಗೊಂದು ಹೆಸರು

ತೈನಾನ್, ಸೆಪ್ಟೆಂಬರ್ ೧೦

ಅಂತರ್ಜಾಲ ಸಂಪರ್ಕ ಕಚೇರಿಯ ವ್ಯವಸ್ಥಾಪಕರಿಗೆ,

ನಾನು ಚುವಾಂಗ್ ಯುಎ ಶಿಯಾ. ಮೂವತ್ತೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆರು ವರ್ಷಗಳಿಂದ ನನ್ನ ಇಮೇಲ್ ಸರ್ವರನ್ನು ಮನೆಯಲ್ಲೇ, ಚಪ್ಪಲಿ ಗೂಡಿನ ಮೇಲಿರಿಸಿ, ನಾನೇ ನಡೆಸುತ್ತಿದ್ದೇನೆ. ಹಳೆಯ ವಿದ್ಯಾರ್ಥಿಗಳ ಪತ್ರಗಳು ಅದಕ್ಕೆ ತಪ್ಪದೆ ಬರುತ್ತವೆ. ಆದರೆ ಕಳೆದ ತಿಂಗಳು ನೀವು ನನ್ನ ಅಂತರ್ಜಾಲ ಸಂಪರ್ಕದ ವಿಳಾಸ ಸಂಖ್ಯೆಯನ್ನು (ಐಪಿ) ಬದಲಿಸಿದ ಮೇಲೆ ನನ್ನ ಉತ್ತರಗಳು ಮಾತ್ರ ಹಿಂದಿರುಗುತ್ತಿವೆ. ಹೊಸ ಸಂಖ್ಯೆಯ ಎದುರು ನಿಮ್ಮ ದಾಖಲೆಯಲ್ಲಿ ನನ್ನ ಸರ್ವರಿನ ಹೆಸರಿಲ್ಲ. ಹೆಸರಿಲ್ಲದವರ ಪತ್ರವನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪರೀಕ್ಷಿಸಲು ಬಂದ ನಿಮ್ಮ ತಂತ್ರಜ್ಞೆ ಶ್ರೀಮತಿ ಕೋ, ಯಂತ್ರ ತಂಟೆ ಮಾಡದೆ ನಡೆಯಲೆಂದು ಈ ನಾಡಿನ ಎಲ್ಲರಂತೆ ನಾನೂ ಅದರ ಮೇಲಿಟ್ಟಿರುವ, ಹೆಸರಲ್ಲೇ ‘ಜಾಣ ಮರಿ’ ಎಂದಿರುವ ಹಸಿರು ತಿಂಡಿ ಪೊಟ್ಟಣವನ್ನು ತಿರುಗಿಸಿ ನೋಡಿ, “ಟೀಚರ್, ಇದರ ತಾರೀಖು ಮುಗಿದು ಎರಡು ತಿಂಗಳಾಯ್ತು. ಹಳಸಿದ್ದು ಕೊಟ್ರೆ ಅದಾದ್ರೂ ಯಾಕೆ ಕೆಲ್ಸ ಮಾಡುತ್ತೆ?” ಎಂದರು. ತಪ್ಪು ನನ್ನದೇ. “ಪುಕ್ಕಟೆ ಖಾತೆ ಸಿಗೋವಾಗ ನಿಮಗ್ಯಾಕೆ ಈ ಉಸಾಬರಿ?” ಎಂದೂ ಕೇಳಿದರು. “ನಮ್ಮನೆ ಅನ್ನ ನಾನೇ ಬೇಯಿಸ್ಕೋತೀನಮ್ಮ, ನೀವು ಗ್ಯಾಸ್ ಕೊಟ್ರೆ ಸಾಕು,” ಎಂದೆ. ಇಬ್ಬರೂ ನಕ್ಕೆವು.

ಅಂದೇ ಹೊಸ ಪೊಟ್ಟಣವಿಟ್ಟೆ. ಆದರೂ ಪತ್ರಗಳು ಹೋಗಲಿಲ್ಲ. ಆದ್ದರಿಂದ ದೋಷ ನಿಮ್ಮ ಕಡೆಯದೆಂದು ಸಿದ್ಧವಾಯಿತು.

ಇದೇ ಇಪ್ಪತ್ತೆಂಟರಂದು, ನಮ್ಮ ನಾಡಿನ ಶಿಕ್ಷಕರ ದಿನಕ್ಕೆ, ಮಕ್ಕಳು ಬರೆಯುತ್ತಾರೆ. ಉತ್ತರ ಸಿಗದಿದ್ದರೆ ಟೀಚರ್ ಮುನಿಸಿಕೊಂಡರೆಂದು ಭಾವಿಸುತ್ತಾರೆ. ಅದಕ್ಕೆ ಮೊದಲೇ ಹೆಸರನ್ನು ದಾಖಲಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಚುವಾಂಗ್ ಯುಎ ಶಿಯಾ

ಲಗತ್ತುಗಳು: ಗುರುತಿನ ಚೀಟಿಯ ನಕಲು, ಸರ್ವರಿನ ಹೆಸರು ನಮೂದಿಸಿದ ಅರ್ಜಿ, ಹಿಂದಿರುಗಿದ ಒಂದು ಉತ್ತರದ ಪ್ರತಿ, ನಿಮ್ಮ ಕಚೇರಿಯ ಯಂತ್ರದ ಮೇಲಿಡಲು ಹಸಿರು ಪೊಟ್ಟಣ ಒಂದು (ಇದರ ತಾರೀಖನ್ನು ಎರಡು ಸಲ ನೋಡಿದ್ದೇನೆ).