ಸೋಮಕ್ಕನ ಸ್ವರ

20-11-1974

ಅಕ್ಕಿ ಕಡೆದು ಕೈ ಸೋತಿತು. ಹೀರೋಯಿನ್ ಆದರೂ ಕಡೆಯುವ ಕಲ್ಲಿನಿಂದ ಬಿಡುಗಡೆ ಇಲ್ಲ. ನಾಡಿದ್ದು ಶುಕ್ರವಾರ ನಮ್ಮ ತುಳು ಪಿಕ್ಚರ್ ರಿಲೀಸ್. ಅಮ್ಮ ಹನ್ನೊಂದು ಸೀಟು ಹೇಳಿಟ್ಟಿದ್ದಾಳೆ. ಪಡೀಲಿನಿಂದ ಮಾವನೂ ಬರುತ್ತಾರಂತೆ! ನಾನು ನಾಟಕಕ್ಕೆ ಸೇರಿದಾಗ ಗುತ್ತಿನಂಥ ದೊಡ್ಡ ಮನೆತನದ ಹೆಣ್ಣು ಸ್ಟೇಜ್ ಹತ್ತುವುದಾ ಎಂದು ಮೂರು ವರ್ಷ ಮಾತು ಬಿಟ್ಟವರು. ಈಗ ಹೊಸ ಶರ್ಟು ಹೊಲಿಸಿದ್ದಾರೆ ಎಂದು ಸುದ್ದಿ.

ಡಬ್ಬಿಂಗ್ ವಿಷಯ ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಸರ್ವೋತ್ತಮಣ್ಣ — ಹೀರೋ ಅವರೇ, ಡೈರೆಕ್ಟರ್ ಅವರೇ, ಹಾಕಿದ್ದೂ ಅವರ ಬೊಂಬಾಯಿ ಹೋಟೆಲಿನ ದುಡ್ಡೇ — ಆಗಸ್ಟಿನಲ್ಲಿ ಹೇಳಿದ್ದರು. "ಶೂಟಿಂಗಿನಲ್ಲಿ ಮಾತಾಡಿದ್ದು ಪಿಕ್ಚರಿನಲ್ಲಿ ಬರುವುದಿಲ್ಲ. ಮದ್ರಾಸಿನಲ್ಲಿ ಪುನಃ ಮಾತಾಡಬೇಕು. ಹತ್ತು ದಿನದ ಕೆಲಸ ಉಂಟು."

"ಅಮ್ಮನನ್ನೂ ಕರಕೊಂಡು ಬರ್ತೇನೆ" ಎಂದೆ.

"ಟಿಕೆಟ್ ಒಂದೇ ಉಂಟು" ಎಂದರು. ನಗುತ್ತಾ.

ಆ ನಗು ಅರ್ಥವಾಗದಷ್ಟು ದಡ್ಡಿ ಅಲ್ಲ ನಾನು. ಹೋಗಲಿಲ್ಲ. ಆಮೇಲೆ ಕೇಳಿದರೆ, "ಶೂಟಿಂಗ್ ಸೌಂಡೇ ಸಾಕಾಯ್ತು, ನೀನು ಚಿಂತೆ ಮಾಡಬೇಡ" ಎಂದರು. ಹಾಗಾದರೆ ಸರಿ. ಹಸಿರು ಸೀರೆಯಾ, ನೇರಳೆಯಾ? ನೇರಳೆ.

22-11-1974, ಸಂಜೆ

ನನ್ನ ಬಾಯಿಯಿಂದ ಬೇರೆ ಯಾರೋ ಮಾತಾಡಿದರು.

ಮೊದಲ ಡೈಲಾಗ್ ಬಂದಾಗ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಪರದೆ ಮೇಲೆ ನನ್ನದೇ ಮುಖ, ನನ್ನದೇ ತುಟಿ. ಸ್ವರ ಮದ್ರಾಸಿನ ಯಾವಳದ್ದೋ. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡ ಹಾಗೆ ತುಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾವ ಬಗ್ಗಿ ಕೇಳಿದರು, "ಇದು ನಿನ್ನ ಸ್ವರ ಅಲ್ಲವಲ್ಲ ಮಗಾ? ಆಗ ಜ್ವರ ಇತ್ತಾ?"

ಎರಡೂವರೆ ಗಂಟೆ ಹಾಗೇ ಕೂತೆ. ಎದ್ದು ಹೋಗಲೂ ಗೊತ್ತಾಗಲಿಲ್ಲ.

ಗೇಟಿನಲ್ಲಿ ಸರ್ವೋತ್ತಮಣ್ಣ ಹೂಮಾಲೆ ಹಾಕಿಸಿಕೊಂಡು ನಿಂತಿದ್ದರು. ಕೇಳಿದೆ. ಎಲ್ಲರ ಎದುರೇ ಹೇಳಿದರು: "ನಿನ್ನ ಸ್ವರ ಮೈಕಿಗೆ ಆಗುವುದಿಲ್ಲ ಮಾರಾಯ್ತಿ. ಒಡಕು ಹಂಚಿನ ಹಾಗೆ ಕೇಳ್ತದೆ. ಮುಖ ಉಂಟಲ್ಲ, ಮುಖ ಸಾಕು." ನಮ್ಮ ಹನ್ನೊಂದು ಜನರೂ ಕೇಳಿಸಿಕೊಂಡರು. ಮಾವ ಚಪ್ಪಲಿ ನೋಡುತ್ತಾ ನಿಂತರು.

ಮನೆಗೆ ಬಂದು ಬಾವಿಕಟ್ಟೆ ಹತ್ತಿರ ನಿಂತು ಆ ಮೊದಲ ಡೈಲಾಗ್ ಹೇಳಿ ನೋಡಿದೆ. ನಾಲ್ಕು ಸಲ. ನನ್ನ ಸ್ವರ ಅಷ್ಟು ಕೆಟ್ಟದಾ? ಯಾರ ಹತ್ತಿರ ಕೇಳುವುದು.

24-11-1974

ಆಣೆಗೀಣೆ ಹಾಕಲಿಲ್ಲ. ಇಲ್ಲಿ ಬರೆದರೆ ಸಾಕು. ಸರ್ವೋತ್ತಮ. ಇನ್ನು ಈ ಹೆಸರಿಗೆ ಅಣ್ಣ ಸೇರಿಸುವುದಿಲ್ಲ. ಒಂದು ದಿನ, ತುಂಬಿದ ಟಾಕೀಸಿನಲ್ಲಿ, ಜನ ನಗುವಾಗ, ಅವನೂ ಹೀಗೇ ಕೂರಬೇಕು. ಅದನ್ನು ನಾನು ಕಣ್ಣಾರೆ ನೋಡಬೇಕು.

9-3-1976

ನಾಟಕದವರೂ ಕರೆಯುವುದಿಲ್ಲ. ಅಡ್ಡಹೆಸರು ಬಿದ್ದಿದೆ — ಒಡಕು ಹಂಚು. ಬೇರೆ ಎಂತ ಬರೆಯಲಿ.

16-8-1979, ಗುರುವಾರ

ರೇಡಿಯೋ ಸ್ಟೇಷನ್ನಿನಿಂದ ನಡೆದೇ ಬಂದೆ. ಕದ್ರಿ ಗುಡ್ಡೆ ಇಳಿಯುವಾಗ ಮೀನಿನ ಬುಟ್ಟಿ ಹೊತ್ತವಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಯಾನ್ ದಾಲಾ ಪಣ್ಪುಜಿ… ಆಂಡಲಾ…" ನಾನು ಏನೂ ಹೇಳುವುದಿಲ್ಲ, ಆದರೂ… ನನ್ನ ಡೈಲಾಗ್! ರೇಡಿಯೋದ ಗುರುವಾರದ ತುಳು ನಾಟಕದಲ್ಲಿ ನಾನು ಮಾಡುವ ಸೋಮಕ್ಕನ ಡೈಲಾಗ್. ನಾಟಕದ ಈ ಸೋಮಕ್ಕ ಪ್ರತಿ ವಾರ ಹಾಗೆ ಶುರುಮಾಡಿ ಊರಿನ ಸುದ್ದಿಯೆಲ್ಲ ಒದರಿಬಿಡುತ್ತಾಳೆ. ಎಂಟೇ ತಿಂಗಳಲ್ಲಿ ಇಡೀ ಮಂಗಳೂರಿನ ಬಾಯಲ್ಲಿ. ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಮೀನಿನವಳು ನನಗೇ "ದಾರಿ ಬಿಡಿ" ಎಂದಳು.

ಪಕ್ಕದ ಮನೆಯ ಸುಹರಾ, ಗಂಡ ದುಬೈಯಿಂದ ತಂದ ಟೇಪ್ ರೆಕಾರ್ಡರಿನಲ್ಲಿ ಎಲ್ಲ ವಾರದ್ದೂ ಹಿಡಿದಿಟ್ಟಿದ್ದಾಳೆ. "ಉಮಕ್ಕ, ನಿಮ್ಮ ಸ್ವರ ಇಲ್ಲಿಯ ಕಾಗೆಗೂ ಗೊತ್ತುಂಟು" ಎನ್ನುತ್ತಾಳೆ.

ಅಮ್ಮನ ದೂರು ಬೇರೆ. ಮನೆಯಲ್ಲೂ ಬಾಯಿ ತೆರೆದರೆ ನನಗೆ ಅದೇ ಮಾತು ಬರುತ್ತದಂತೆ. ಉತ್ತರ ಗೊತ್ತಿಲ್ಲದಾಗೆಲ್ಲ.

2-6-1984

ಬೆಂಗಳೂರು ಟೀವಿಯ ನಾಟಕದಲ್ಲಿ ಪಾರ್ಟ್ ಮಾಡಿ ಬಂದೆ. ಮುಖವೂ ನನ್ನದೇ, ಸ್ವರವೂ ನನ್ನದೇ. ಹತ್ತು ವರ್ಷದಲ್ಲಿ ಮೊದಲ ಸಲ! ನಿನ್ನೆ ಬಂತಂತೆ. ಇಲ್ಲಿ ಟೀವಿಯಲ್ಲಿ ಡೆಲ್ಲಿ ಮಾತ್ರ ಬರುವುದು. ಸುಹರಾಳ ಮನೆಯಲ್ಲಿ ಎಲ್ಲರೂ ಕೂತು ಹಿಂದಿಯಲ್ಲಿ ಗೊಬ್ಬರದ ವಿಷಯ ನೋಡಿದೆವು. ನಕ್ಕೂ ನಕ್ಕೂ ಸಾಕಾಯಿತು. ಮನೆಗೆ ಬಂದು ಅತ್ತುಬಿಟ್ಟೆ.

12-3-1986, ಬೆಳಿಗ್ಗೆ ಹನ್ನೊಂದು

ಸರ್ವೋತ್ತಮ ಬಂದಿದ್ದ. ಈ ಮನೆಗೆ!

ಫಳ್ನೀರಿನ ನಮ್ಮ ಓಣಿಗೆ ಕಾರು ಬರುವುದಿಲ್ಲ, ನಡೆದೇ ಬಂದ. ಹೊಟ್ಟೆ ಬಂದಿದೆ, ಕೂದಲಿಗೆ ಬಣ್ಣ. ಹನ್ನೆರಡು ವರ್ಷ ಬೊಂಬಾಯಿಯಲ್ಲೇ. "ಹಳೇದೆಲ್ಲ ಮನಸ್ಸಿನಲ್ಲಿ ಇಡಬೇಡ ಉಮಾ" ಎನ್ನುತ್ತಾ ಅಮ್ಮನ ಕುರ್ಚಿಯಲ್ಲೇ ಕೂತ. ಹೊಸ ತುಳು ಪಿಕ್ಚರ್ ಮಾಡುತ್ತಾನಂತೆ. ಮಗಳು ಶಶಿಪ್ರಭಾ ಹೀರೋಯಿನ್. ಅಲ್ಲೇ ಹುಟ್ಟಿ ಬೆಳೆದವಳು, ತುಳುವಿಗೆ ನಾಲಿಗೆ ತಿರುಗುವುದಿಲ್ಲ.

"ನೀನು ಅವಳಿಗೆ ಸ್ವಲ್ಪ ಮಾತು ಕಲಿಸು. ಮದ್ರಾಸಿನಲ್ಲಿ ಅವಳ ಡಬ್ಬಿಂಗ್ ನೀನೇ ಮಾಡು."

"ನನ್ನದು ಒಡಕು ಹಂಚಲ್ವಾ?"

"ಅದು ಆಗಿನ ಮೈಕು ಮಾರಾಯ್ತಿ. ಈಗ ಎಂತದೋ ರೇಡಿಯೋದಲ್ಲಿ ಮಾತಾಡ್ತಿಯಂತೆ ಅಲ್ವಾ? ರೇಡಿಯೋಕ್ಕೆ ಆದರೆ ಇದಕ್ಕೂ ಆಗ್ತದೆ."

ಎಂತದೋ! ಸೋಮಕ್ಕನ ಹೆಸರೇ ಕೇಳಿಲ್ಲ ಇವನು. ಇಲ್ಲಿಯ ರೇಡಿಯೋ ಅಲ್ಲಿಗೆ ಎಲ್ಲಿ ಕೇಳಬೇಕು.

ನನಗೊಂದು ಪಾರ್ಟ್ ಇದೆಯಾ ಎಂದು ಕೇಳಿಯೇ ಬಿಟ್ಟೆ. ನಾಚಿಕೆ ಬಿಟ್ಟು.

"ಮುಖ ಬೇಡ, ಸ್ವರ ಸಾಕು. ಹೆಸರೂ ಹಾಕುವುದಿಲ್ಲ, ಆಯ್ತಾ? ಶಶಿಗೂ ಈಗ ಹೇಳಬೇಡ, ಬೇಜಾರು ಮಾಡ್ತಾಳೆ. ಅವಳದ್ದೇ ಸ್ವರ ಅಂತ ತಿಳಕೊಳ್ಳಲಿ."

ಅಂದು ಮುಖ ಸಾಕು, ಇಂದು ಸ್ವರ ಸಾಕು. ಇಡೀ ಉಮಾವತಿ ಇವನಿಗೆ ಯಾವತ್ತೂ ಬೇಡ.

"ಟಿಕೆಟ್ ಎರಡು ಬೇಕು, ಅಮ್ಮನೂ ಬರ್ತಾಳೆ" ಎಂದೆ. ನೆನಪಾಯಿತೋ ಇಲ್ಲವೋ. ಹೂಂ ಎಂದ. ಅಮ್ಮ ಒಳಗೆ ಪಾತ್ರೆ ಕುಕ್ಕುತ್ತಿದ್ದಳು.

11-4-1986

ಹುಡುಗಿ ದಿನಾ ಒಂಬತ್ತಕ್ಕೆ ಬರುತ್ತಾಳೆ. ಹತ್ತೊಂಬತ್ತು ವರ್ಷ. ಅಪ್ಪನ ಮೂಗು. ಆ ಮೂಗು ನೋಡಿದರೆ ಮೈ ಉರಿಯುತ್ತದೆ. ಆದರೆ ತಲೆಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಮ್ಮನ ಕಾಲು ಮುಟ್ಟಿಯೇ ಒಳಗೆ ಬರುವುದು. "ಆಂಟಿ, ಪುನಃ ಹೇಳಿ. ಆಂಟಿ, ಇನ್ನೊಮ್ಮೆ." ಒಂದೊಂದು ಮಾತನ್ನೂ ಮೂವತ್ತು ಸಲ. ಬೈದರೆ ನಗುತ್ತಾಳೆ. "ಡಬ್ಬಿಂಗ್‌ಗೆ ಮೊದಲು ಕರೆಕ್ಟ್ ಆಗಬೇಕು ಆಂಟಿ, ಇಲ್ಲದಿದ್ದರೆ ಡ್ಯಾಡಿ ಬೇರೆ ಯಾರದ್ದಾದರೂ ಸ್ವರ ಹಾಕ್ತಾರೆ" ಎಂದಳು ಇವತ್ತು.

ನಾನು ಚಾ ಮಾಡಲು ಎದ್ದೆ.

19-4-1986

ಸ್ಕ್ರಿಪ್ಟ್ ಪೂರ್ತಿ ಓದಿದೆ. ಐವತ್ತೆರಡನೇ ಸೀನ್. ಗಂಡನ ಹೆಣ ಮನೆಯ ಚಾವಡಿಯಲ್ಲಿ. ನೀನೇ ಕೊಂದವಳು ಎನ್ನುತ್ತಾಳೆ ಅತ್ತೆ. ಊರೆಲ್ಲ ಸೇರಿದೆ. ಹೀರೋಯಿನ್ ತಲೆಯೆತ್ತಿ ಒಂದೇ ಮಾತು ಹೇಳಿ ಮನೆಯಿಂದ ಇಳಿದು ಹೋಗುತ್ತಾಳೆ. ಯಾನ್ ದಾಲಾ ಪಣ್ಪುಜಿ.

ಮೂರು ಸಲ ಓದಿದೆ. ಸರ್ವೋತ್ತಮ ಅಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂತು, ಕಣ್ಣೀರು ಬರಿಸಬೇಕೆಂದು, ತಾನೇ ಕೈಯಾರೆ ಬರೆದದ್ದು!

ಈ ಮಾತು ಯಾರ ಬಾಯಲ್ಲಿ ಬಂದರೂ ಇಲ್ಲಿಯ ಜನ ಮುಗುಳ್ನಗುತ್ತಾರೆ. ಸೋಮಕ್ಕನದೇ ಸ್ವರದಲ್ಲಿ ಬಂದರೆ?

ದೇವರು ದೊಡ್ಡವನು. ಹನ್ನೆರಡು ವರ್ಷ ಕಾಯಿಸಿದ, ಆದರೆ ಬಡಿಸುವಾಗ ತುಂಬ ಬಡಿಸಿದ. ಊಟ ರುಚಿಯಾಯಿತು. ಎರಡು ಸಲ ಅನ್ನ ಹಾಕಿಸಿಕೊಂಡೆ.

20-4-1986

ಸುಹರಾಳಿಗೆ ಹೇಳಬಾರದಿತ್ತು. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಆ ಮಾತು ತೆಗೆಯಲಿಕ್ಕೆ ಹೇಳಿ ಉಮಕ್ಕ."

"ಯಾಕೆ ಹೇಳಬೇಕು?"

"ಪರದೆ ಮೇಲೆ ಅವರು ಇರುವುದಿಲ್ಲ, ಹುಡುಗಿ ಇರ್ತಾಳೆ. ಅವಳು ನಿಮಗೆ ಎಂತ ಮಾಡಿದ್ದಾಳೆ?"

"ನಾನು ಅವಳಪ್ಪನಿಗೆ ಎಂತ ಮಾಡಿದ್ದೆ?" ಎಂದು ಬಂದುಬಿಟ್ಟೆ. ಗಂಡ ದುಬೈಯಲ್ಲಿ, ಮಕ್ಕಳು ಶಾಲೆಯಲ್ಲಿ, ಮಧ್ಯಾಹ್ನ ನಿದ್ದೆ. ಇವಳಿಗೇನು ಗೊತ್ತು ಅವಮಾನ ಎಂದರೆ.

27-5-1986

ಶೂಟಿಂಗ್ ಪಡೀಲಿನ ಹಳೇ ಮನೆಯೊಂದರಲ್ಲಿ. ಐವತ್ತೆರಡನೇ ಸೀನ್ ಇವತ್ತೇ. ರಿಹರ್ಸಲಿನಲ್ಲಿ ಆ ಮಾತು ಬಂದದ್ದೇ ಲೈಟಿನವರು ಇಬ್ಬರು ಬಾಯಿಗೆ ಟವೆಲ್ ಅಡ್ಡ ಹಿಡಿದರು. ಸರ್ವೋತ್ತಮ ಗುಡುಗಿದ: "ಎಂತ ನಗು? ಹೆಣ ಮಲಗಿದ್ದು ಕಾಣುವುದಿಲ್ವಾ?" ಅವರು ತಲೆ ತಗ್ಗಿಸಿದರು. ಇವನ ಎದುರು ಬಾಯಿಬಿಡುವವರು ಯಾರು. ಹೇಳಿದ್ದರೆ ಬದುಕಿಕೊಳ್ಳುತ್ತಿದ್ದ. ಯಾರೂ ಹೇಳಲಿಲ್ಲ.

ಆಮೇಲೆ ಟೇಕ್. ಹುಡುಗಿ ತಲೆಯೆತ್ತಿ ಹೇಳಿದಳು…

ಬರೆಯಬೇಕೋ ಬೇಡವೋ. ಬರೆಯುತ್ತೇನೆ, ಯಾರು ಓದುವುದು. ಚೆನ್ನಾಗಿತ್ತು. ಸ್ವರ ಸಣ್ಣದು, ಸ್ವಲ್ಪ ನಡುಗಿತು, ಅಷ್ಟೇ. ಯಾರೂ ನಗಲಿಲ್ಲ. ಲೈಟಿನವರೂ ನಗಲಿಲ್ಲ. ಅವಳ ಬಾಯಲ್ಲಿ ಅದು ಸೋಮಕ್ಕನ ಮಾತಾಗಿ ಉಳಿಯಲೇ ಇಲ್ಲ. ಟೇಕ್ ಮುಗಿದ ಕೂಡಲೇ ಓಡಿ ಬಂದು ನನ್ನ ಕೈ ಹಿಡಿದಳು. "ಆಂಟಿ, ಕರೆಕ್ಟ್ ಆಯ್ತಾ?"

"ಆಯ್ತು" ಎಂದೆ.

18-7-1986, ಮದ್ರಾಸ್

ಮುಗಿಯಿತು. ಸರ್ವೋತ್ತಮ ಮೊದಲ ಎರಡು ದಿನ ಇದ್ದ. ಶಶಿಗೆ ಶೂಟಿಂಗ್ ಸೌಂಡೇ ಸಾಕಾಯ್ತು ಎಂದು ಹೇಳಿದ್ದಾನಂತೆ. ಆ ಎರಡು ದಿನ ಎಳೇ ಹುಡುಗಿಯ ಸ್ವರದಲ್ಲಿ ಮಾತಾಡಿದೆ, ಜೇನಿನ ಹಾಗೆ. ಖುಷಿಯಾಗಿ ಬೊಂಬಾಯಿಗೆ ಹೋದ. ಆಮೇಲೆ, ಸರಿಯಾಗಲಿಲ್ಲ ಎಂದು ಆ ಎರಡು ದಿನದ್ದನ್ನೂ ಪುನಃ ಮಾಡಿಸಿ, ಎಲ್ಲ ಸೋಮಕ್ಕನ ಸ್ವರದಲ್ಲೇ ಹೇಳಿದೆ. ಸೌಂಡ್ ಇಂಜಿನಿಯರಿಗೆ ತುಳು ಬಾರದು, ತುಟಿಗೆ ಕೂತರೆ ಸಾಕು.

ಇವತ್ತು ಐವತ್ತೆರಡು. ಅವಳದ್ದು ಶೂಟಿಂಗ್ ಸೌಂಡ್ ಒಮ್ಮೆ ಕೇಳಿಸಿದರು. ಹೆಡ್‌ಫೋನಿನಲ್ಲಿ ಆ ನಡುಗುವ ಸ್ವರ. ಕೇಳಿ, ತೆಗೆದಿಟ್ಟೆ. ಮೈಕಿನ ಹತ್ತಿರ ಹೋಗಿ, ಗುರುವಾರ ಹೇಳುವ ಹಾಗೆಯೇ ಹೇಳಿದೆ, ಕೊನೆಯಲ್ಲಿ ಸಣ್ಣ ಎಳೆತ ಸೇರಿಸಿ. ಒಂದೇ ಟೇಕ್, ಓಕೆ.

ಗಾಜಿನಾಚೆ ಅಮ್ಮ ಕೂತಿದ್ದಳು. ರೂಮಿಗೆ ಬಂದ ಮೇಲೆ, "ನಿನಗೆ ಅದನ್ನು ಬೇರೆ ತರದಲ್ಲೂ ಹೇಳಲಿಕ್ಕೆ ಬರ್ತಿತ್ತು ಮಗಾ" ಎಂದಳು.

ಬರುತ್ತಿತ್ತು.

7-11-1986, ಶುಕ್ರವಾರ, ಸಂಜೆ

ಅದೇ ಟಾಕೀಸ್. ಬೇಕೆಂದೇ ನೇರಳೆ ಸೀರೆ ಉಟ್ಟೆ. ಸರ್ವೋತ್ತಮ, ಹೆಂಡತಿ, ಶಶಿ, ನೆಂಟರು, ಒಂದಿಡೀ ಸಾಲು. ನಾನು ಅವರಿಂದ ಎರಡು ಸಾಲು ಹಿಂದೆ.

ಮೊದಲ ಡೈಲಾಗಿಗೇ ಗುಸುಗುಸು. "ಸೋಮಕ್ಕ! ಸೋಮಕ್ಕ ಅಲ್ವಾ?" ಎರಡನೆಯದಕ್ಕೆ ಶಿಳ್ಳೆ. ಐವತ್ತೆರಡಕ್ಕೆ ಬಂದಾಗ ಹೆಣ ಕಂಡರೂ ಯಾರಿಗೂ ದುಃಖವಿಲ್ಲ. ಅವಳು ತಲೆಯೆತ್ತಿದಳು, ನನ್ನ ಸ್ವರ ಬಂತು — ಟಾಕೀಸೇ ಬಿದ್ದುಹೋಗುವಂಥ ನಗು. ಬಾಲ್ಕನಿಯಿಂದ ಒಬ್ಬ ಕೂಗಿದ, "ಆಂಡಲಾ…?" ಉಳಿದವರೆಲ್ಲ ಸೇರಿ ಕೂಗಿದರು, "ಆಂಡಲಾ…!"

ಇದೇ ನಗು. ಇದಕ್ಕಾಗಿ ಹನ್ನೆರಡು ವರ್ಷ. ಸರ್ವೋತ್ತಮನ ಮುಖ ನೋಡಬೇಕೆಂದು ಎದ್ದು ನಿಂತೆ. ಅವನ ಸೀಟು ಖಾಲಿ. ಯಾವಾಗಲೋ ಎದ್ದು ಹೊರಗೆ ಹೋಗಿದ್ದಾನೆ.

ಕಂಡದ್ದು ಅವಳು. ಪಕ್ಕದ ಸೀಟಿನಲ್ಲಿ, ಬೆನ್ನು ನೆಟ್ಟಗೆ, ಕೈ ಕುತ್ತಿಗೆಯ ಮೇಲೆ.

8-11-1986

ರೇಡಿಯೋ ಸ್ಟೇಷನ್ನಿಗೆ ಹೋಗಲಿಲ್ಲ. ತಲೆನೋವು ಎಂದು ಹೇಳಿಕಳಿಸಿದೆ.

14-11-1986

ಸರ್ವೋತ್ತಮ ಬಂದ. ಹೊಡೆಯಲು ಬಂದ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಕೈಯಲ್ಲಿ ಹಲ್ವದ ಪೊಟ್ಟಣ!

"ಉಮಾ, ನೀನು ಬಂಗಾರ! ದಿನಾ ಮೂರು ಆಟವೂ ಹೌಸ್‌ಫುಲ್. ಒಬ್ಬೊಬ್ಬ ಮೂರು ಸಲ ಬರ್ತಾನೆ, ಆ ಒಂದು ಮಾತು ಕೂಗಲಿಕ್ಕೆ. ನಾನು ಅಳುವ ಪಿಕ್ಚರ್ ಅಂತ ಮಾಡಿದ್ದು, ಜನ ಕಾಮಿಡಿ ಮಾಡಿದರು. ಆಗಲಿ ಮಾರಾಯ್ತಿ!"

"ಶಶಿ?" ಎಂದೆ.

"ಎರಡು ದಿನ ಊಟ ಬಿಟ್ಟಳು. ಮಕ್ಕಳಲ್ವಾ, ಸರಿ ಆಗ್ತದೆ."

ಹೊಸ ಪೋಸ್ಟರ್ ಬಿಚ್ಚಿ ತೋರಿಸಿದ. ಗೇಣುದ್ದದ ಅಕ್ಷರ: 'ಸೋಮಕ್ಕನ ಸ್ವರ ಕೇಳಿರಿ — ಉಮಾವತಿ'. ನನ್ನ ಹೆಸರು. ಹಂಪನಕಟ್ಟೆಯಿಂದ ಬಿಕರ್ನಕಟ್ಟೆಯವರೆಗೆ ಗೋಡೆಗೋಡೆಗೆ ಹಚ್ಚಿಸುತ್ತಾನಂತೆ. ಹುಡುಗಿಯ ಹೆಸರು ಹುಡುಕಿದೆ. ಇರಲಿಲ್ಲ. ಮುಖ ಮಾತ್ರ ಇತ್ತು.

16-11-1986, ಬೆಳಿಗ್ಗೆ ಒಂಬತ್ತು

ಅದೇ ಹೊತ್ತಿಗೆ ಬಂದಳು. ಮಧ್ಯಾಹ್ನ ಬೊಂಬಾಯಿ ಬಸ್ಸು. ತಲೆಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಅಮ್ಮನ ಕಾಲು ಮುಟ್ಟಿದಳು. ಕೂರಲಿಲ್ಲ. ಸೊರಗಿಹೋಗಿದ್ದಾಳೆ. ಅಪ್ಪನ ಮೂಗು ಈಗ ಕಾಣುವುದೇ ಇಲ್ಲ.

ಬೈಯುತ್ತಾಳೆ ಎಂದು ಕಾದೆ. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಹನ್ನೆರಡು ವರ್ಷದ ಉತ್ತರ. ಮೊದಲಿಂದ ಹೇಳೋಣ ಎಂದು ಸಿದ್ಧವಾಗಿದ್ದೆ.

ಬೈಯಲಿಲ್ಲ. ಮೆಲ್ಲಗೆ ಕೇಳಿದಳು. ಒಳ್ಳೇ ತುಳುವಿನಲ್ಲಿ, ನಾನು ಕಲಿಸಿದ ತುಳುವಿನಲ್ಲಿ.

"ಆಂಟಿ, ನನ್ನ ಸ್ವರ ಅಷ್ಟು ಕೆಟ್ಟದಾ?"

ಚೆನ್ನಾಗಿತ್ತು ಮಗಾ, ನಾನು ಕಿವಿಯಾರೆ ಕೇಳಿದ್ದೇನೆ, ಯಾರೂ ನಗಲಿಲ್ಲ ಅವತ್ತು… ಇಷ್ಟೇ ಹೇಳಬೇಕಿತ್ತು. ಇಷ್ಟೇ. ಅವಳು ಕಾಯುತ್ತಾ ನಿಂತಿದ್ದಳು. ಬಾಯಿ ತೆರೆದೆ. ಬಂದದ್ದು ಅದೇ ಹಾಳು ಮಾತು, ಅದೇ ಎಳೆತ. ಯಾನ್ ದಾಲಾ—